ಗಾಯದ ಗುರುತುಳ್ಳ ದೇಹ: ಕ್ರೈಸ್ತರ ಪುನರುತ್ಥಾನವಿಚಾರ

ಯೇಸುಕ್ರಿಸ್ತನ ಶಿಲುಬೆಯ ಮುಂದೆ ತಲೆಬಾಗುವುದಕ್ಕೆ ಕ್ರೈಸ್ತನೇ ಆಗಿರಬೇಕೆಂಬ ನಿರ್ಬಂಧವೇನೂ ಇಲ್ಲ. 1931ರ ಡಿಸೆಂಬರಿನಲ್ಲಿ ರೋಮಿಗೆ ಹೋಗಿದ್ದ ಗಾಂಧೀಜಿಯವರು ವ್ಯಾಟಿಕನ್ನಿನಲ್ಲಿ ಶಿಲುಬೆಗೇರಿದ ಕ್ರಿಸ್ತನ ಮೂರ್ತಿಯನ್ನು ಕಂಡು ಕಣ್ಣೀರು ತಡೆಯಲಾರದೆ ಹೋದರು. ಮಂಜೇಶ್ವರದ ಗೋವಿಂದ ಪೈಗಳು ಆ ಮರಣದ ದಿನವನ್ನೇ ವಸ್ತುವಾಗಿ ಆರಿಸಿಕೊಂಡು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ನಿರಪರಾಧಿಯೊಬ್ಬನು ತನ್ನನ್ನು ಕೊಲ್ಲುತ್ತಿರುವವರಿಗಾಗಿಯೇ ಕ್ಷಮೆ ಬೇಡುತ್ತ ಪ್ರಾಣಬಿಡುವ ಪ್ರಸಂಗವು ಯಾವ ಮತದ ಸಹೃದಯನಿಗಾದರೂ ವ್ಯಾಖ್ಯಾನದ ಹಂಗಿಲ್ಲದೆ ಅರ್ಥವಾಗತಕ್ಕದ್ದು. ಆದರೆ ಅವನು ಮೂರನೆಯ ದಿನ ಸಮಾಧಿಯಿಂದ ಎದ್ದುಬಂದನೆಂಬ ಮಾತು ಬಂದೊಡನೆ ಇದೇ ಸಹೃದಯರಲ್ಲಿ ಅನೇಕರು ಸವಿನಯವಾಗಿ ಹಿಂದೆ ಸರಿಯುವುದನ್ನು ಕಾಣುತ್ತೇವೆ. ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಉಪದೇಶಗಳನ್ನು ಸಂಕಲಿಸಿ ಪ್ರಕಟಿಸಿದಾಗ ಚಾರಿತ್ರಿಕ ಭಾಗಗಳನ್ನೂ ಅದ್ಭುತಪ್ರಸಂಗಗಳನ್ನೂ ಬದಿಗಿರಿಸಿ ನೀತಿಬೋಧೆಗೇ ಪ್ರಾಧಾನ್ಯವನ್ನು ಕೊಟ್ಟರು. ಅದಕ್ಕಾಗಿ ಶ್ರೀರಾಂಪುರದ ಮಿಷನರಿ ಮಾರ್ಷ್‌ಮನ್ನರೊಡನೆ ದೀರ್ಘವಾದ ವಾಗ್ವಾದವನ್ನೂ ನಡೆಸಬೇಕಾಯಿತು. ಅದೇ ಸುಮಾರಿಗೆ ಅಮೆರಿಕದಲ್ಲಿ, ಅಧ್ಯಕ್ಷಪದವಿಯಿಂದ ಎಂದೋ ನಿವೃತ್ತನಾಗಿದ್ದ ತಾಮಸ್ ಜೆಫರ್ಸನ್, ಸುವಾರ್ತೆಗಳ ಪುಟಗಳನ್ನು ಕತ್ತರಿಸಿ ಅಂಟಿಸಿ ತನ್ನ ಸ್ವಂತದ ಓದಿಗೆ ಒಂದು ಯೇಸುಚರಿತೆಯನ್ನು ಸಿದ್ಧಪಡಿಸಿಕೊಂಡನು. ಸಮಾಧಿಯ ಬಾಗಿಲಿಗೆ ಕಲ್ಲನ್ನು ಉರುಳಿಸಿದಲ್ಲಿಗೆ ಅದು ಮುಗಿಯುತ್ತದೆ. ಟಾಲ್‌ಸ್ಟಾಯ್ ಬರೆದ ಸಂಕ್ಷಿಪ್ತ ಸುವಾರ್ತೆಯೂ ಮರಣದಲ್ಲಿಯೇ ನಿಲ್ಲುತ್ತದೆ. 1899ರಲ್ಲಿ ‘ಪುನರುತ್ಥಾನ’ವೆಂದೇ ಹೆಸರಿಟ್ಟು ಅವನು ಪ್ರಕಟಿಸಿದ ಕಾದಂಬರಿಯಲ್ಲಿ ಎದ್ದುಬರುವುದು ಯಾವ ದೇಹವೂ ಅಲ್ಲ, ನೆಖ್ಲ್ಯೂದೊವ್ ಎಂಬ ಜಮೀನ್ದಾರನ ಮನಸ್ಸಾಕ್ಷಿ.

ಈ ಮೂವರೂ ಅಲ್ಪಮತಿಗಳಲ್ಲ, ಅವರ ಸಂಕೋಚವೂ ತಿರಸ್ಕಾರಕ್ಕೆ ಪಾತ್ರವಾದುದಲ್ಲ. ಆದರೂ ಅವರು ಯಾವುದನ್ನು ಹೊರಗಿಟ್ಟರೋ ಅದರ ಮೇಲೆಯೇ ಕ್ರೈಸ್ತಸಭೆಯ ಕಟ್ಟಡವೆಲ್ಲ ನಿಂತಿದೆಯೆಂಬುದನ್ನು ಅಲ್ಲಗಳೆಯಲಾಗದು. ಮರಣದಲ್ಲಿ ಮುಗಿದುಹೋಗುವ ಚರಿತ್ರೆಯಿಂದ ಒಬ್ಬ ಮಹಾತ್ಮನ ಸ್ಮರಣೆ ಹುಟ್ಟಬಹುದಾಗಿತ್ತು. ಹೆದರಿ ಚೆದರಿಹೋಗಿದ್ದ ಶಿಷ್ಯರು ಕೆಲವೇ ವಾರಗಳಲ್ಲಿ ಅದೇ ಯೆರೂಸಲೇಮಿನ ಬೀದಿಗಳಲ್ಲಿ ನಿಂತು ಮಾತನಾಡತೊಡಗಿದುದು ಅದರಿಂದ ಹುಟ್ಟುತ್ತಿರಲಿಲ್ಲ. ಹಾಗಿದ್ದರೆ ಅವರು ಸಾರಿದುದು ನಿಜವಾಗಿ ಏನು, ಏನಲ್ಲ, ಆ ಮಾತಿನಿಂದ ನಿತ್ಯದ ಬಾಳಿಗೆ ಬಂದ ವ್ಯತ್ಯಾಸವಾವುದು ಎಂಬುದನ್ನು ತುಸು ವಿವರವಾಗಿ ನೋಡಬೇಕಾಗಿದೆ.

ಈ ಭಾವನೆಯ ಬೇರು ಯೇಸುವಿಗಿಂತ ಹಿಂದಿನದು. ಇಬ್ರಿಯರ ಹಳೆಯ ಶಾಸ್ತ್ರಗಳಲ್ಲಿ ಮರಣಾನಂತರದ ಬಗೆಗೆ ಆಶಾದಾಯಕವಾದ ಮಾತು ವಿರಳ. ಸತ್ತವರು ಸುಜನರಾಗಲಿ ದುರ್ಜನರಾಗಲಿ ಪಾತಾಳದ ಮೌನದಲ್ಲಿ ನೆರಳುಗಳಂತೆ ಇರುವರೆಂಬುದೇ ಅಲ್ಲಿಯ ಸಾಮಾನ್ಯ ಕಲ್ಪನೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೆಜ್ಕೇಲ ಪ್ರವಾದಿಯು ಒಣಮೂಳೆಗಳು ಕೂಡಿಕೊಂಡು ಜೀವತಳೆಯುವ ದರ್ಶನವನ್ನು ಕಂಡನಾದರೂ ಅಲ್ಲಿ ಏಳತಕ್ಕದ್ದು ವ್ಯಕ್ತಿಯಲ್ಲ, ನಾಡು ಕಳೆದುಕೊಂಡ ಜನಾಂಗ. ವ್ಯಕ್ತಿಯ ಪುನರುತ್ಥಾನದ ಮಾತು ಸ್ಪಷ್ಟವಾಗಿ ಕೇಳಿಬರುವುದು ಅಂತಿಯೋಕಸ್ ಎಪಿಫೇನಸ್ ಅರಸನು ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದ ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ. ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ತಾಯಿಯ ಕಣ್ಣೆದುರಿಗೇ ಒಬ್ಬರ ತರುವಾಯ ಒಬ್ಬರಾಗಿ ಚಿತ್ರವಧೆಗೊಳಗಾದ ಏಳು ಮಂದಿ ಮಕ್ಕಳ ಕಥೆಯಲ್ಲಿ ಇನ್ನೂ ಗಟ್ಟಿಯಾಗಿ ಬರುತ್ತದೆ. ಅವರಲ್ಲಿ ಒಬ್ಬನು ಕಡಿಯುವುದಕ್ಕೆಂದು ತನ್ನ ಕೈಗಳನ್ನು ಮುಂದೆ ಚಾಚಿ, ಇವನ್ನು ಕೊಟ್ಟವನಿಂದಲೇ ತಿರುಗಿ ಪಡೆದುಕೊಳ್ಳುವೆನೆಂಬ ಭರವಸೆಯನ್ನು ನುಡಿಯುತ್ತಾನೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ: ಸತ್ತ ಮೇಲೆ ಏನಾಗುವುದೆಂಬ ಕುತೂಹಲದಿಂದ ಈ ನಂಬಿಕೆ ಹುಟ್ಟಲಿಲ್ಲ. ಧರ್ಮಕ್ಕಾಗಿ ಕೊಲ್ಲಲ್ಪಟ್ಟವನಿಗೆ ದೇವರು ನ್ಯಾಯ ದೊರಕಿಸಿಕೊಡುವನೋ ಇಲ್ಲವೋ ಎಂಬ ಕಟುವಾದ ಪ್ರಶ್ನೆಯಿಂದ ಹುಟ್ಟಿತು. ಯೇಸುವಿನ ಕಾಲದಲ್ಲಿ ಫರಿಸಾಯರು ಅದನ್ನು ಒಪ್ಪುತ್ತಿದ್ದರು. ದೇವಾಲಯದ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಸದ್ದುಕಾಯರು ಒಪ್ಪುತ್ತಿರಲಿಲ್ಲ. ಇದ್ದ ವ್ಯವಸ್ಥೆಯಲ್ಲಿ ಸುಖವಾಗಿದ್ದವರಿಗೆ ಇನ್ನೊಂದು ನ್ಯಾಯಸ್ಥಾನದ ಅಗತ್ಯ ತೋರದೆ ಹೋದುದು ಸಹಜವೇ ಸರಿ.

ಕನ್ನಡದ ಓದುಗನಿಗೆ ಇಲ್ಲಿ ಒಂದು ತೊಡಕು ಉಂಟು. ಆತ್ಮವು ಅವಿನಾಶಿಯೆಂಬುದನ್ನೂ ಜನ್ಮಾಂತರಗಳ ಸಾತತ್ಯವನ್ನೂ ಬಾಲ್ಯದಿಂದಲೇ ಕೇಳುತ್ತ ಬಂದವನು ಪುನರುತ್ಥಾನವನ್ನು ಇವೆರಡರಲ್ಲಿ ಒಂದರ ಪಡಿಯಚ್ಚೆಂದು ತಿಳಿಯುವುದು ಸುಲಭ. ಆದರೆ ಅದು ಪುನರ್ಜನ್ಮವಲ್ಲ, ಏಕೆಂದರೆ ಏಳುವವನು ಬೇರೊಬ್ಬನಾಗಿ ಹುಟ್ಟುವುದಿಲ್ಲ. ಆತ್ಮದ ಅಮರತ್ವವೂ ಅಲ್ಲ, ಏಕೆಂದರೆ ಸತ್ತುದು ನಿಜವಾಗಿಯೂ ಸತ್ತಿದೆ. ಈ ಎರಡನೆಯ ಭೇದವನ್ನು ಆಸ್ಕರ್ ಕುಲ್‌ಮನ್ ಎಂಬ ಪಂಡಿತನು 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ತೀಕ್ಷ್ಣವಾಗಿ ಬಿಡಿಸಿ ತೋರಿಸಿದನು. ಪ್ಲೇಟೋ ಚಿತ್ರಿಸಿದ ಸಾಕ್ರೆಟೀಸನು ವಿಷದ ಬಟ್ಟಲನ್ನು ಶಾಂತಚಿತ್ತದಿಂದ ಕುಡಿಯುತ್ತಾನೆ, ಅವನಿಗೆ ಮರಣವು ಸೆರೆಮನೆಯ ಬಾಗಿಲನ್ನು ತೆರೆಯುವ ಮಿತ್ರ. ಯೇಸುವಾದರೋ ಗೆತ್ಸೇಮನೆಯ ತೋಟದಲ್ಲಿ ನಡುಗುತ್ತಾನೆ, ಆ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡುತ್ತಾನೆ, ಏಕೆಂದರೆ ಅವನಿಗೆ ಮರಣವು ಶತ್ರು. ಶತ್ರುವನ್ನು ಮಿತ್ರನೆಂದು ಕರೆದು ಸಮಾಧಾನಪಟ್ಟುಕೊಳ್ಳುವುದು ಒಂದು ದಾರಿ, ಅವನು ಸೋತನೆಂದು ಸಾರುವುದು ಬೇರೊಂದು ದಾರಿ. ಆ ಉಪನ್ಯಾಸಕ್ಕೆ ಕ್ರೈಸ್ತರಿಂದಲೇ ಉಗ್ರವಾದ ಪ್ರತಿಭಟನೆ ಬಂದಿತಂತೆ. ಪ್ಲೇಟೋವಿನ ಮಾತನ್ನೇ ಸುವಾರ್ತೆಯೆಂದು ಭಾವಿಸಿಕೊಂಡವರು ನಮ್ಮ ಸಭೆಗಳಲ್ಲಿಯೂ ಕಡಮೆಯೇನಲ್ಲ.

ಇನ್ನು ಸಾಕ್ಷ್ಯದ ಮಾತು. ಲಿಖಿತರೂಪದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಸಾಕ್ಷ್ಯವು ನಾಲ್ಕು ಸುವಾರ್ತೆಗಳಲ್ಲಿಲ್ಲ, ಅವಕ್ಕಿಂತ ಮುಂಚೆ, ಶಿಲುಬೆಯ ಘಟನೆಯಾದ ಸುಮಾರು ಎರಡು ದಶಕಗಳ ತರುವಾಯ, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿದೆ. ಸತ್ತವರು ಏಳುವುದಿಲ್ಲವೆಂದು ಆ ರೇವುಪಟ್ಟಣದ ಸಭೆಯಲ್ಲಿ ಕೆಲವರು ವಾದಿಸುತ್ತಿದ್ದರು. ಅವರಿಗೆ ಉತ್ತರವಾಗಿ ಪೌಲನು ತಾನೇ ಇತರರಿಂದ ಪಡೆದುಕೊಂಡ ಒಂದು ಸಾಕ್ಷಿಪರಂಪರೆಯನ್ನು ಮುಂದಿಡುತ್ತಾನೆ: ಕೇಫ (ಎಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ, ಅಪೊಸ್ತಲರೆಲ್ಲರು, ಕಟ್ಟಕಡೆಗೆ ತಾನು. ಕ್ರಿಸ್ತನು ಎದ್ದಿಲ್ಲವಾದರೆ ತನ್ನ ಬೋಧೆಯೂ ವ್ಯರ್ಥ, ಅವರ ನಂಬಿಕೆಯೂ ವ್ಯರ್ಥ ಎಂದು ಸ್ವಂತದ ಮತವನ್ನೇ ಪಣಕ್ಕಿಡುವ ಧೈರ್ಯ ಆ ಅಧ್ಯಾಯದ್ದು. ಧರ್ಮಗ್ರಂಥಗಳಲ್ಲಿ ಇಂತಹ ಪಣ ಅಪರೂಪ.

ಪೌಲನ ಆ ಪಟ್ಟಿಯಲ್ಲಿ ಹೆಂಗಸರ ಹೆಸರಿಲ್ಲ. ಸುವಾರ್ತೆಗಳಲ್ಲಾದರೋ ನಾಲ್ಕೂ ಕಡೆ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೇ, ಅವರಲ್ಲಿ ಮಗ್ದಲದ ಮರಿಯಳ ಹೆಸರು ಎಲ್ಲಿಯೂ ತಪ್ಪಿಲ್ಲ. ಹೆಂಗಸರ ಸಾಕ್ಷ್ಯವನ್ನು ನ್ಯಾಯಸ್ಥಾನದಲ್ಲಿ ಸ್ವೀಕರಿಸಬಾರದೆಂದು ಯೆಹೂದ್ಯ ಇತಿಹಾಸಕಾರನಾದ ಜೋಸೀಫಸನೇ ಬರೆದಿಟ್ಟ ಕಾಲವದು. 2ನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಲ್ಸಸ್ ಎಂಬ ತತ್ತ್ವಜ್ಞನು ಹುಚ್ಚುಹಿಡಿದ ಹೆಂಗಸಿನ ಮಾತೆಂದು ಇಡೀ ವೃತ್ತಾಂತವನ್ನು ಗೇಲಿಮಾಡಿದನು. ಕಟ್ಟುಕಥೆಯನ್ನು ಹೆಣೆಯುವವನು ಇಂತಹ ಸಾಕ್ಷಿಗಳನ್ನು ಮುಂದೆ ನಿಲ್ಲಿಸಿಕೊಳ್ಳುವನೇ ಎಂಬ ಪ್ರಶ್ನೆಗೆ ನನಗೆ ತಿಳಿದಮಟ್ಟಿಗೆ ಸಂದೇಹವಾದಿಗಳಿಂದ ಪೂರ್ಣತೃಪ್ತಿಕರವಾದ ಉತ್ತರ ಬಂದಿಲ್ಲ. ಮಾರ್ಕನ ಸುವಾರ್ತೆಯು 4ನೆಯ ಶತಮಾನದ ಎರಡು ಪ್ರಾಚೀನ ಹಸ್ತಪ್ರತಿಗಳಲ್ಲಿ ಆ ಹೆಂಗಸರು ನಡುಗುತ್ತ ಓಡಿಹೋಗಿ, ಭಯದಿಂದ ಯಾರಿಗೂ ಏನೂ ಹೇಳದೆ ಇದ್ದುದರೊಡನೆ ಥಟ್ಟನೆ ನಿಂತುಬಿಡುತ್ತದೆ. ಪುನರುತ್ಥಾನವಾದ ಕ್ಷಣವನ್ನು ನಾಲ್ವರಲ್ಲಿ ಯಾರೊಬ್ಬರೂ ವರ್ಣಿಸಿಲ್ಲ. ವರ್ಣಿಸಿರುವುದು ಅನಂತರದ ಭೇಟಿಗಳನ್ನು, ಅದನ್ನೂ ವಿಲಕ್ಷಣವಾದ ಸಾಮಾನ್ಯತೆಯಿಂದ: ಮರಿಯಳು ಅವನನ್ನು ತೋಟಗಾರನೆಂದು ಭ್ರಮಿಸುತ್ತಾಳೆ, ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಗಂಟೆಗಟ್ಟಲೆ ಜೊತೆಯಲ್ಲಿ ನಡೆದರೂ ಗುರುತಿಸದೆ, ರೊಟ್ಟಿ ಮುರಿದುಕೊಟ್ಟಾಗ ಗುರುತಿಸುತ್ತಾರೆ, ಯೆರೂಸಲೇಮಿನಲ್ಲಿ ಅವನು ಸುಟ್ಟ ಮೀನಿನ ತುಂಡನ್ನು ತಿನ್ನುತ್ತಾನೆ, ಸಂದೇಹಪಟ್ಟ ಶಿಷ್ಯ ತೋಮನಿಗೆ ಕೈಯ ಗಾಯಗಳನ್ನು ತೋರಿಸುತ್ತಾನೆ. ಮಹಿಮೆಹೊಂದಿದ ದೇಹದಲ್ಲಿಯೂ ಗಾಯಗಳು ಮಾಯದೆ ಉಳಿದಿವೆ. ಈ ಒಂದು ವಿವರದಲ್ಲಿ ಅಡಗಿರುವಷ್ಟು ಅರ್ಥ ಅನೇಕ ವಾದಗ್ರಂಥಗಳಲ್ಲಿಲ್ಲವೆಂಬುದು ನನ್ನ ಅಭಿಪ್ರಾಯ. ನಡೆದ ಅನ್ಯಾಯವು ನಡೆಯಲೇ ಇಲ್ಲವೆಂಬಂತೆ ಅಳಿಸಿಹಾಕುವುದು ಪುನರುತ್ಥಾನವಲ್ಲ. ಅದು ಕೊನೆಯ ಮಾತಾಗದಂತೆ ತಡೆಯುವುದು ಪುನರುತ್ಥಾನ.

ಈ ಸಾಕ್ಷ್ಯದ ಬಗೆಗೆ ಆಧುನಿಕ ಕಾಲದ ಪಾಶ್ಚಾತ್ಯ ಪಂಡಿತರ ವಿವಾದವನ್ನು ಚುಟುಕಾಗಿ ಹೇಳಿ ಮುಗಿಸಬಹುದು. ಶಿಷ್ಯರು ದೇಹವನ್ನು ಕದ್ದರೆಂದು ರೈಮಾರುಸ್ ಬರೆದಿಟ್ಟುದನ್ನು ಅವನ ಮರಣಾನಂತರ ಲೆಸ್ಸಿಂಗನು 1770ರ ದಶಕದಲ್ಲಿ ಪ್ರಕಟಿಸಿದನು. 1835ರಲ್ಲಿ ಸ್ಟ್ರಾಸ್ ಕಳ್ಳತನದ ಆರೋಪವನ್ನು ಕೈಬಿಟ್ಟು ಪುರಾಣಕಲ್ಪನೆಯ ವಾದವನ್ನು ಹೂಡಿದನು. 1941ರಲ್ಲಿ ಬುಲ್ಟ್‌ಮನ್, ಸಮಾಧಿಯಲ್ಲಿ ಏನಾಯಿತೆಂಬುದನ್ನು ಬಿಟ್ಟು ಬೋಧೆಯನ್ನು ಕೇಳುವವನ ಅಂತರಂಗದಲ್ಲಿ ಏನಾಗುತ್ತದೆಂಬುದನ್ನು ನೋಡಬೇಕೆಂದನು. ಇದಿರುಪಕ್ಷದಲ್ಲಿ ಪಾನೆನ್‌ಬರ್ಗ್ ಇದನ್ನು ಇತಿಹಾಸದ ಪ್ರಶ್ನೆಯಾಗಿಯೇ ಪರೀಕ್ಷಿಸಬೇಕೆಂದು 1964ರಲ್ಲಿ ವಾದಿಸಿದನು, 2003ರಲ್ಲಿ ಎನ್. ಟಿ. ರೈಟ್ ಬೃಹದ್ಗ್ರಂಥವೊಂದನ್ನೇ ಇದಕ್ಕೆ ಮೀಸಲಿಟ್ಟನು. ಇವರೆಲ್ಲರಿಗಿಂತ ಸ್ವಾರಸ್ಯವಾದವನು ಪಿಂಖಾಸ್ ಲಾಪಿಡೆ: ಆಚಾರನಿಷ್ಠ ಯೆಹೂದ್ಯನಾಗಿಯೇ ಉಳಿದು, ಯೇಸುವನ್ನು ಮೆಸ್ಸೀಯನೆಂದು ಒಪ್ಪದೆ, ಅವನ ಪುನರುತ್ಥಾನವನ್ನು ಮಾತ್ರ ನಡೆದ ಘಟನೆಯೆಂದು ಒಪ್ಪಿದವನು. ನಂಬಿಕೆಗೆ ಪ್ರಮಾಣಪತ್ರ ಬರೆದುಕೊಡುವುದು ಇತಿಹಾಸಶಾಸ್ತ್ರದ ಕೈಲಾಗದ ಕೆಲಸ. ಬುಲ್ಟ್‌ಮನ್ನನ ಮಾತಿನಲ್ಲಿ ಅರ್ಧ ಸತ್ಯವಿದೆ, ಕೇಳಿದವನ ಬಾಳಿನಲ್ಲಿ ಏನನ್ನೂ ಕದಲಿಸದ ಪುನರುತ್ಥಾನ ನಿಷ್ಪ್ರಯೋಜಕ. ಆದರೆ ಅವನು ಅಂತರಂಗವನ್ನು ಉಳಿಸಿಕೊಳ್ಳುವ ಭರದಲ್ಲಿ ದೇಹವನ್ನು ಕಳೆದುಕೊಂಡನು. ದೇಹ ಹೋದರೆ ಈ ನಂಬಿಕೆಯ ನೀತಿಯೂ ಹೋಗುತ್ತದೆ.

ಹೀಗೇಕೆ ಹೇಳುತ್ತೇನೆಂದರೆ, ಮೊದಲ ಶತಮಾನಗಳ ಕ್ರೈಸ್ತರು ಹಟಹಿಡಿದು ಕಾಪಾಡಿಕೊಂಡುದು ದೇಹದ ಪುನರುತ್ಥಾನವನ್ನೇ. ಕ್ರಿಸ್ತಶಕ 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ ಅವರನ್ನು ಹಿಂಸಿಸಿ ಕೊಂದವರು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರೆಂದೂ, ಮತ್ತೆ ಏಳುವರೆಂಬ ಅವರ ಆಸೆಯನ್ನು ಮುರಿಯುವುದೇ ಅದರ ಉದ್ದೇಶವಾಗಿತ್ತೆಂದೂ ಯುಸೇಬಿಯಸನ ಚರಿತ್ರೆಯಲ್ಲಿ ಉಳಿದಿರುವ ಪತ್ರದಿಂದ ತಿಳಿದುಬರುತ್ತದೆ. ಪ್ರಾಚೀನ ಕ್ರೈಸ್ತ ಲೇಖಕನಾದ ಟರ್ಟುಲಿಯನ್ ಶರೀರದ ಪುನರುತ್ಥಾನದ ಮೇಲೆ ಪ್ರತ್ಯೇಕ ಗ್ರಂಥವನ್ನೇ ಬರೆದನು. ಆಗಸ್ಟೀನನು ತನ್ನ ಮಹಾಗ್ರಂಥ ‘ದೇವನಗರ’ದ ಕೊನೆಯ ಸಂಪುಟದಲ್ಲಿ, ಕತ್ತರಿಸಿದ ಕೂದಲು ಉಗುರುಗಳ ಗತಿಯೇನು, ಶಿಶುವಾಗಿ ಸತ್ತವರು ಯಾವ ವಯಸ್ಸಿನವರಾಗಿ ಏಳುವರು ಎಂಬ ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರ ಹುಡುಕಿದನು. ಇಂದಿನ ಓದುಗನಿಗೆ ನಗು ಬಂದರೆ ತಪ್ಪಿಲ್ಲ. ಪೌಲನು ಮಾತ್ರ ಈ ಲೆಕ್ಕಾಚಾರಕ್ಕೆ ಇಳಿಯದೆ, ಬಿತ್ತಿದ ಕಾಳಿಗೂ ಬೆಳೆದ ಪೈರಿಗೂ ಇರುವ ಸಂಬಂಧವನ್ನು ತೋರಿಸಿ ಸುಮ್ಮನಾಗಿದ್ದನು: ಎರಡೂ ಒಂದೇ, ಎರಡೂ ಬೇರೆ. ಶವದಹನವನ್ನು ಕಥೋಲಿಕ ಸಭೆಯು ಬಹುಕಾಲ ನಿಷೇಧಿಸಿ 1963ರಲ್ಲಿ ಅನುಮತಿಸಿದುದಕ್ಕೂ, 2016ರ ಆದೇಶದಲ್ಲಿ ಚಿತಾಭಸ್ಮವನ್ನು ಚದರಿಸದೆ ಪವಿತ್ರಸ್ಥಳದಲ್ಲಿರಿಸಬೇಕೆಂದು ವಿಧಿಸಿದುದಕ್ಕೂ ಹಿಂದೆ ಇರುವುದು ಇದೇ ದೀರ್ಘಸ್ಮೃತಿ.

ದೇಹವು ಏಳತಕ್ಕದ್ದೆಂದು ನಂಬಿದವರು ದೇಹವನ್ನು ಹೇಗೆ ನಡೆಸಿಕೊಂಡರು? ನನ್ನ ಮಟ್ಟಿಗೆ ಈ ಸಮೀಕ್ಷೆಯ ತಿರುಳು ಇಲ್ಲಿದೆ. 3ನೆಯ ಶತಮಾನದ ಮಹಾಮಾರಿಯಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತರು ರೋಗಿಗಳ ಬಳಿಯಲ್ಲಿದ್ದು ಶುಶ್ರೂಷೆ ಮಾಡಿ, ಸತ್ತವರ ಕಣ್ಣು ಬಾಯಿ ಮುಚ್ಚಿ, ತೊಳೆದು ಹೊದಿಸಿ ಹೊತ್ತು, ಕಡೆಗೆ ತಾವೂ ಅದೇ ರೋಗಕ್ಕೆ ತುತ್ತಾದ ಬಗೆಯನ್ನು ಅಲ್ಲಿಯ ಬಿಷಪ್ ಡಯೊನೀಸಿಯಸ್ ಬರೆದಿದ್ದಾನೆ. ಸ್ವಮತೀಯನ ಹೊಗಳಿಕೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಶತ್ರುವಿನ ಸಾಕ್ಷ್ಯವೂ ಇದಕ್ಕೆ ಬೆಂಬಲವಾಗಿದೆ: ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲೆತ್ನಿಸಿದ ಜೂಲಿಯನ್ ಚಕ್ರವರ್ತಿಯು ಗಲಾತ್ಯದ ತನ್ನ ಮುಖ್ಯ ಪುರೋಹಿತನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರ ಮತವನ್ನು ಬೆಳೆಯಿಸಿದುದು ಅವರು ಅಪರಿಚಿತರಿಗೆ ತೋರುವ ಔದಾರ್ಯವೂ ಸತ್ತವರ ಸಮಾಧಿಗಳ ಬಗೆಗಿನ ಕಾಳಜಿಯೂ ಎಂದು ಅಸಮಾಧಾನದಿಂದಲೇ ಒಪ್ಪಿಕೊಳ್ಳುತ್ತಾನೆ. 1512ರಿಂದ 1516ರವರೆಗೆ ಗ್ರ್ಯೂನೆವಾಲ್ಡ್ ಎಂಬ ಚಿತ್ರಕಾರನು ಇಸೆನ್‌ಹೈಮಿನ ಮಠಕ್ಕೆ ಬಲಿಪೀಠದ ಚಿತ್ರಗಳನ್ನು ಬರೆದುಕೊಟ್ಟನು. ಶಿಲೀಂಧ್ರ ಹಿಡಿದ ರೈ ಧಾನ್ಯವನ್ನು ತಿಂದು ಕೈಕಾಲುಗಳು ಕೊಳೆತುಹೋಗುವ ಭಯಂಕರ ರೋಗಕ್ಕೆ ಆ ಮಠದಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಹೊರಗಿನ ಫಲಕದಲ್ಲಿ ಮೈಯೆಲ್ಲ ಹುಣ್ಣಾದ ಕ್ರಿಸ್ತ. ಅದನ್ನು ತೆರೆದರೆ ಒಳಗೆ ಬೆಳಕಿನ ಮಂಡಲದಲ್ಲಿ ಎದ್ದ ಅದೇ ಕ್ರಿಸ್ತ, ಕೈಗಳಲ್ಲಿ ಗಾಯದ ಗುರುತು. ಆ ಚಿತ್ರದ ಮುಂದೆ ಕುಳಿತವರು ಕಲಾರಸಿಕರಲ್ಲ, ರೋಗಿಗಳು. ನಮ್ಮ ನಾಡಿನಲ್ಲಿಯೇ, ಮಂಗಳೂರಿನ ಕಂಕನಾಡಿಯಲ್ಲಿ, ಜರ್ಮನ್ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿಯ ಔಷಧಾಲಯವನ್ನೂ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವನ್ನೂ ತೆರೆದರು. ಊರು ಮುಟ್ಟಲೊಲ್ಲದ ದೇಹವನ್ನು ತೊಳೆದು ಪಟ್ಟಿಕಟ್ಟುವ ಕೈಗೆ ಆ ದೇಹದ ಭವಿಷ್ಯದ ಬಗೆಗೆ ಏನೋ ಒಂದು ನಂಬಿಕೆ ಇದ್ದಿರಲೇಬೇಕು. ಅನ್ಯಮತೀಯರಲ್ಲಿಯೂ ನಾಸ್ತಿಕರಲ್ಲಿಯೂ ಇಂತಹ ಸೇವೆಯುಂಟು, ಕ್ರೈಸ್ತರಲ್ಲಿ ಇದಕ್ಕೆ ವಿರುದ್ಧವಾದ ನಡತೆಯೂ ಧಾರಾಳವಾಗಿ ಉಂಟು. ಆದರೆ ಈ ನಂಬಿಕೆ ತನ್ನ ಸಹಜವಾದ ಇಳಿಜಾರಿನಲ್ಲಿ ಹರಿದರೆ ಆಸ್ಪತ್ರೆಯ ಕಡೆಗೇ ಹರಿಯುತ್ತದೆ.

ಆಚರಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ವಾರದ ಮೊದಲನೆಯ ದಿನವನ್ನು ಕರ್ತನ ದಿನವೆಂದು ಕೂಡುವ ಪದ್ಧತಿ ಮೊದಲ ಪೀಳಿಗೆಯದೇ. ಕಾನ್‌ಸ್ಟಂಟೈನನು 321ರಲ್ಲಿ ಅದನ್ನು ವಿಶ್ರಾಂತಿಯ ದಿನವನ್ನಾಗಿ ಮಾಡಿದುದರ ಫಲವಾಗಿಯೇ ಇಂದು ಕಚೇರಿಗಳಿಗೆ ಭಾನುವಾರದ ರಜೆ. 325ರ ನೈಸಿಯಾ ಸಭೆಯ ಬಳಿಕ ಕ್ರಮೇಣ ನೆಲೆಗೊಂಡ ಗಣನೆಯಂತೆ ವಸಂತವಿಷುವದ ಅನಂತರದ ಹುಣ್ಣಿಮೆಯಾದ ಮೇಲಿನ ಭಾನುವಾರ ಈಸ್ಟರ್ ಬರುತ್ತದೆ. ಕಥೋಲಿಕರು ಈಸ್ಟರಿನ ಹಿಂದಿನ ರಾತ್ರಿ ನಡೆಸುವ ಪಾಸ್ಖ ಜಾಗರಣೆಯಲ್ಲಿ ಹೊಸ ಬೆಂಕಿಯಿಂದ ಪಾಸ್ಖ ದೀಪವನ್ನು ಹೊತ್ತಿಸುವ ವಿಧಿ ಬಹು ಸುಂದರವಾದುದು. ಪೂರ್ವದೇಶದ ಸಭೆಗಳ ಚಿತ್ರಗಳಲ್ಲಿ ಕ್ರಿಸ್ತನು ಒಬ್ಬನೇ ಏಳುವುದಿಲ್ಲ, ಪಾತಾಳದ ಬಾಗಿಲುಗಳನ್ನು ಮುರಿದು ಆದಾಮನನ್ನೂ ಹವ್ವಳನ್ನೂ ಮಣಿಕಟ್ಟು ಹಿಡಿದು ಮೇಲಕ್ಕೆಳೆಯುತ್ತಾನೆ. ಇಸ್ತಾಂಬುಲಿನಲ್ಲಿ ಹಿಂದೆ ದೇವಾಲಯವಾಗಿದ್ದ ಖೋರಾದಲ್ಲಿರುವ 14ನೆಯ ಶತಮಾನದ ಭಿತ್ತಿಚಿತ್ರ ಇದಕ್ಕೆ ಉತ್ತಮ ನಿದರ್ಶನ. ಪುನರುತ್ಥಾನವನ್ನು ಏಕಾಂತದ ಮೋಕ್ಷವೆಂದು ತಿಳಿಯುವವರು ಆ ಚಿತ್ರವನ್ನು ನೋಡಬೇಕು. ನಮ್ಮ ಸಭೆಗಳಲ್ಲಾದರೋ ಶುಭ ಶುಕ್ರವಾರದ ನಡುಹಗಲಿನ ಮೂರು ಗಂಟೆಗಳ ಕಾಲ ಶಿಲುಬೆಯ ಮೇಲಿನ ಏಳು ಮಾತುಗಳನ್ನು ಧ್ಯಾನಿಸುವ ಶ್ರದ್ಧೆಯ ಕಾಲುಭಾಗವೂ ಈಸ್ಟರಿನ ತರುವಾಯದ ಐವತ್ತು ದಿನಗಳಿಗೆ ಉಳಿಯುವುದಿಲ್ಲ. ಹೊಸ ಬಟ್ಟೆ, ಊಟ, ಅಲ್ಲಿಗೆ ಮುಗಿಯಿತು.

ಈ ನಂಬಿಕೆಗೆ ದುರುಪಯೋಗವೂ ಉಂಟು. ಇಲ್ಲಿ ಸಹಿಸಿಕೊಂಡಿರು, ಅಲ್ಲಿ ಪಡೆಯುವೆ ಎಂದು ಬಡವನಿಗೂ ದಾಸನಿಗೂ ಹೇಳಿದ ಬೋಧಕರು ಯಾವ ಶತಮಾನದಲ್ಲಿಯೂ ಇದ್ದರು. ಅದು ಮಕ್ಕಬಿಯರ ಕಾಲದ ಆ ನ್ಯಾಯದ ಪ್ರಶ್ನೆಗೆ ಬಗೆದ ದ್ರೋಹವೇ ಸರಿ. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರ ಬಾಂಬಿನ ಬೆಂಕಿಯಲ್ಲಿ ಉರಿದಾಗ ಯುರ್ಗೆನ್ ಮೋಲ್ಟ್‌ಮನ್ ಎಂಬ ಹದಿಹರೆಯದ ಹುಡುಗನ ಪಕ್ಕದಲ್ಲಿಯೇ ಅವನ ಗೆಳೆಯ ಸತ್ತುಬಿದ್ದನು. ತರುವಾಯ ಯುದ್ಧಕೈದಿಯಾಗಿ ಬ್ರಿಟನ್ನಿನ ಶಿಬಿರಗಳಲ್ಲಿ ಕಾಲಕಳೆದ ಆ ಹುಡುಗನೇ 1964ರಲ್ಲಿ ‘ನಿರೀಕ್ಷೆಯ ದೇವಶಾಸ್ತ್ರ’ವನ್ನು ಬರೆದು, ಪುನರುತ್ಥಾನವನ್ನು ನಂಬುವವನಿಗೆ ಲೋಕದ ಇಂದಿನ ಸ್ಥಿತಿಯೊಡನೆ ರಾಜಿಯಾಗುವುದು ಸಾಧ್ಯವಿಲ್ಲವೆಂದು ಪ್ರತಿಪಾದಿಸಿದನು. ನಿರೀಕ್ಷೆಯು ನೋವನ್ನು ಮರೆಯಿಸುವ ಮದ್ದಲ್ಲ, ಅದು ಮನುಷ್ಯನನ್ನು ಅಶಾಂತನನ್ನಾಗಿ ಮಾಡುತ್ತದೆಂಬ ಅವನ ಮಾತು ಒಪ್ಪತಕ್ಕದ್ದು.

ನಿತ್ಯದ ಬಾಳಿನಲ್ಲಿ ಇದರ ಪರೀಕ್ಷೆಯಾಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಶೋಕ. ಸಾವಿನ ಮನೆಯಲ್ಲಿ ಅಳಬೇಡಿರೆಂದು ಉಪದೇಶಿಸುವ ಭಕ್ತರು, ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವ ಮೊದಲು ಯೇಸುವೇ ಅತ್ತನೆಂಬುದನ್ನು ಮರೆತಿರುತ್ತಾರೆ. ಪೌಲನು ಬೇಡವೆಂದುದು ಶೋಕವನ್ನಲ್ಲ, ನಿರೀಕ್ಷೆಯಿಲ್ಲದ ಶೋಕವನ್ನು. ಇನ್ನೊಂದು, ಕ್ಷಮೆ. ಎದ್ದುಬಂದ ಯೇಸು ತನ್ನನ್ನು ಶಿಲುಬೆಗೆ ಒಪ್ಪಿಸಿದ ಅಧಿಪತಿ ಪಿಲಾತನ ಅರಮನೆಗೆ ಹೋಗಿ ತನ್ನ ಜಯವನ್ನು ಮೆರೆಯಲಿಲ್ಲ; ತನ್ನನ್ನು ಬಿಟ್ಟು ಓಡಿಹೋದವರ ಬಳಿಗೆ ಹೋದನು. ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು ಊಟಕ್ಕೆ ಕರೆದು, ಮೂರು ಸಲ ತನ್ನನ್ನು ಅರಿಯೆನೆಂದಿದ್ದ ಪೇತ್ರನನ್ನು ನೀನು ನನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳಿದನು, ಪ್ರತಿಸಲವೂ ಅವನಿಗೊಂದು ಕೆಲಸವನ್ನು ಒಪ್ಪಿಸಿದನು. ಪೇತ್ರನ ತಪ್ಪು ಅಲ್ಲಿ ಮರೆತುಹೋಗಲಿಲ್ಲ, ಆದರೆ ಅದು ಅವನನ್ನು ಕಟ್ಟಿಹಾಕಲೂ ಇಲ್ಲ. ಮುರಿದುಹೋದ ಸಂಬಂಧವೊಂದು ಮತ್ತೆ ಕೂಡಿಕೊಂಡ ಮನೆಗಳಲ್ಲಿ ಪುನರುತ್ಥಾನದ ಅರ್ಥ ಪಂಡಿತರ ಗೋಷ್ಠಿಗಿಂತ ಚೆನ್ನಾಗಿ ತಿಳಿದಿರುವ ಸಂಭವ ಹೆಚ್ಚು.

ಓದುಗರಲ್ಲಿ ಒಂದು ವಿನಂತಿಯುಂಟು. ಕ್ರೈಸ್ತರ ಅಂತ್ಯಸಂಸ್ಕಾರಗಳಲ್ಲಿ ಪೌಲನ ಆ 15ನೆಯ ಅಧ್ಯಾಯದ ಭಾಗಗಳನ್ನು ಓದುವ ರೂಢಿಯಿದೆ; ಮರಣದ ಸೋಲನ್ನು ಸಾರುವ ಅದರ ಕೊನೆಯ ಘೋಷಣೆಯಾದೊಡನೆ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಅಧ್ಯಾಯಗಳ ಈ ವಿಭಾಗ ಪೌಲನದಲ್ಲ, 13ನೆಯ ಶತಮಾನದ ಸ್ಟೀಫನ್ ಲ್ಯಾಂಗ್ಟನ್ನನದೆಂದು ಹೇಳುತ್ತಾರೆ. ಮೂಲಪತ್ರವು ಅಲ್ಲಿ ನಿಲ್ಲುವುದೇ ಇಲ್ಲ. ನಿಮ್ಮ ದುಡಿಮೆ ವ್ಯರ್ಥವಾಗದೆಂಬ ಭರವಸೆಯಿತ್ತು, ಮರುಸಾಲಿನಲ್ಲಿಯೇ ಪೌಲನು ಯೆರೂಸಲೇಮಿನ ಬಡವರಿಗಾಗಿ ಎತ್ತಬೇಕಾದ ಹಣದ ಮಾತಿಗೆ ಬರುತ್ತಾನೆ. ಒಬ್ಬೊಬ್ಬನೂ ವಾರದ ಮೊದಲನೆಯ ದಿನ ತನ್ನ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಬೇಕೆಂದು ವಿಧಿಸುತ್ತಾನೆ. ಪುನರುತ್ಥಾನದ ಅರ್ಥವನ್ನು ತಿಳಿಯಲಿಚ್ಛಿಸುವವರು ಆ ಅಧ್ಯಾಯದ ಕೊನೆಯಲ್ಲಿ ನಿಲ್ಲದೆ ಮುಂದಿನ ನಾಲ್ಕು ವಚನಗಳನ್ನೂ ಓದಬೇಕು.